ಬಚ್ಚಲುಮನೆಗೆ ಎಷ್ಟು ಶಾಖ ಬೇಕು?

ಮಲ್ಪೆಯಲ್ಲಿ ಹುಟ್ಟಿ ಬೆಳೆದು, ಈಗ ನ್ಯೂಯಾರ್ಕ್ ನಗರದ ಹಳೆಯ ಕಟ್ಟಡವೊಂದರಲ್ಲಿ ವಾಸವಾಗಿರುವ ನಮ್ಮ ಬಂಧುವೊಬ್ಬರು ಇತ್ತೀಚೆಗೆ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದರು. ತಮ್ಮ ಪುಟ್ಟ ಸ್ನಾನಗೃಹವನ್ನು ಅವರು ಹೊಸದಾಗಿ ಕಟ್ಟಿಸುತ್ತಿದ್ದಾರೆ. ಅದನ್ನು ಬೆಚ್ಚಗಿಡಲು ಎಷ್ಟು ದೊಡ್ಡ ಹಬೆಯ ರೇಡಿಯೇಟರನ್ನು ಕೊಳ್ಳಬೇಕು ಎಂಬುದು ಅವರ ಪ್ರಶ್ನೆ. ಅದೇ ದಿನಗಳಲ್ಲಿ ಮಲ್ಪೆಯಲ್ಲಿರುವ ಅವರ ತಮ್ಮನೂ ಹಳೆಯ ಬಚ್ಚಲುಕೊಟ್ಟಿಗೆಯನ್ನು ಕೆಡವಿಸಿ, ಮನೆಯೊಳಗೇ ಸ್ನಾನದ ಕೋಣೆಯನ್ನು ಕಟ್ಟಿಸಲು ಹೊರಟಿದ್ದರು. ಅಣ್ಣ ಮೊದಲು ಲೆಕ್ಕ ಕೇಳಿದರು. ತಮ್ಮ ಮೊದಲು ಅಂಗಡಿಗೆ ಹೋದರು. ಇಬ್ಬರಿಗೂ ಬೇಕಾದುದು ಒಂದೇ ಶಾಸ್ತ್ರ ಎಂಬುದು ನನ್ನ ಅಭಿಪ್ರಾಯ.

ಮೊದಲು ಅಣ್ಣನ ಪ್ರಶ್ನೆಯನ್ನು ನೋಡೋಣ. ನಮ್ಮ ಅಡುಗೆಮನೆಯಲ್ಲಿ ಮೂಡೆಯನ್ನೂ ಕೊಟ್ಟೆ ಕಡುಬನ್ನೂ ಬೇಯಿಸುವುದು ಕುದಿಯುವ ನೀರಲ್ಲ, ಹಬೆ. ಒಂದು ಕಿಲೋಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 420 ಕಿಲೋಜೌಲ್ ಶಾಖ ಸಾಕು. ಆದರೆ ಅದೇ ನೀರನ್ನು ಉಷ್ಣತೆ ಏರಿಸದೆ ಹಬೆಯಾಗಿಸಲು 2,260 ಕಿಲೋಜೌಲ್ ಬೇಕು. ಹಬೆಯು ಮರಳಿ ನೀರಾಗುವಾಗ ಈ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಇದನ್ನೇ ಗುಪ್ತೋಷ್ಣ ಎನ್ನುತ್ತೇವೆ. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲಾಕ್ ಇದನ್ನು ಅಳೆದು ತೋರಿಸಿದನು. ಮಲ್ಪೆಯ ಬಂದರಿನಲ್ಲಿ ಮೀನನ್ನು ಕೆಡದಂತೆ ಕಾಯುವ ಮಂಜುಗಡ್ಡೆಯೂ ಇದೇ ನಿಯಮಕ್ಕೆ ಒಳಪಟ್ಟುದು. ಒಂದು ಕಿಲೋಗ್ರಾಂ ಮಂಜು ಕರಗುವಾಗ 334 ಕಿಲೋಜೌಲ್ ಶಾಖವನ್ನು ಹೀರಿಕೊಳ್ಳುತ್ತದೆ.

ಬಂಧುಗಳ ಕೋಣೆ 2 ಮೀಟರ್ ಉದ್ದ, 1.5 ಮೀಟರ್ ಅಗಲ, 2.5 ಮೀಟರ್ ಎತ್ತರ ಎನ್ನೋಣ. ಒಂದು ಗೋಡೆ ಮಾತ್ರ ಹೊರಮುಖವಾಗಿದೆ. ಅದರಲ್ಲೊಂದು ಚಿಕ್ಕ ಕಿಟಕಿಯಿದೆ. ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿ, ಒಳಗೆ 22 ಡಿಗ್ರಿ ಬೇಕು. ಗೋಡೆಯ ಮೂಲಕ, ಕಿಟಕಿಯ ಮೂಲಕ, ಸಂದಿಗಳಿಂದ ನುಸುಳುವ ಗಾಳಿಯ ಮೂಲಕ ಹೋಗುವ ಶಾಖವನ್ನೆಲ್ಲ ಕೂಡಿಸಿದರೆ ಸ್ಥೂಲವಾಗಿ 300 ವಾಟ್ ಆಗುತ್ತದೆ. ಹಬೆ ತುಂಬಿದ ರೇಡಿಯೇಟರು ತನ್ನ ಮೇಲ್ಮೈಯ ಒಂದು ಚದರ ಮೀಟರಿಗೆ ಸುಮಾರು 750 ವಾಟ್ ಶಾಖವನ್ನು ಕೊಡುತ್ತದೆ. ಅಂದರೆ 0.4 ಚದರ ಮೀಟರ್ ಮೇಲ್ಮೈ ಸಾಕು. ಗಂಟೆಗೆ ಅರ್ಧ ಲೀಟರಿನಷ್ಟು ನೀರಾಗುವ ಹಬೆ ಸಾಕು!

ದೊಡ್ಡದನ್ನು ತಂದರೆ ನಷ್ಟವೇನು ಎಂದು ನೀವು ಕೇಳಬಹುದು. ಹಳೆಯ ಕಟ್ಟಡಗಳಲ್ಲಿ ಹಬೆ ಒಳಬರುವುದೂ ತಣಿದ ನೀರು ಹಿಂದಿರುಗುವುದೂ ಹಲವೊಮ್ಮೆ ಒಂದೇ ಕೊಳವೆಯಲ್ಲಿ. ಅಲ್ಲಿ ಬಿರಡೆಯನ್ನು ಪೂರ್ತಿ ತೆರೆಯಬೇಕು, ಇಲ್ಲವೇ ಪೂರ್ತಿ ಮುಚ್ಚಬೇಕು. ಅರ್ಧ ತೆರೆದರೆ ಒಳಗೆ ನಿಂತ ನೀರಿಗೆ ಹಬೆ ಬಡಿದು ಸುತ್ತಿಗೆಯ ಪೆಟ್ಟಿನಂಥ ಸದ್ದೇಳುತ್ತದೆ. ಆದುದರಿಂದ ಮಿತಿಮೀರಿ ದೊಡ್ಡದಾದ ರೇಡಿಯೇಟರನ್ನು ತಗ್ಗಿಸಿ ಉರಿಸುವಂತಿಲ್ಲ. ಕೋಣೆ ಕಾದು ಹೋಗುತ್ತದೆ. ಅಲ್ಲದೆ ಇಕ್ಕಟ್ಟಾದ ಕೋಣೆಯಲ್ಲಿ ಒದ್ದೆಯಾದ ಬರಿಮೈ 100 ಡಿಗ್ರಿಯ ಕಬ್ಬಿಣಕ್ಕೆ ತಾಗುವ ಅಪಾಯವೂ ಇದೆ. ಚಿಕ್ಕದನ್ನೇ ಕೊಂಡು, ಕೊಳವೆಯ ಕಡೆಗೆ ತುಸು ಇಳಿಜಾರಾಗಿ ನಿಲ್ಲಿಸಿ, ಮುಂದೆ ಜಾಲರಿಯನ್ನಿಡಿ ಎಂದು ಅಣ್ಣನಿಗೆ ಉತ್ತರ ಬರೆದೆವು.

ಈಗ ತಮ್ಮನ ಮನೆಗೆ ಬರೋಣ. ಮಲ್ಪೆಯಲ್ಲಿ ಚಳಿಗಾಲದ ಮುಂಜಾನೆಯಲ್ಲಿಯೂ ಉಷ್ಣತೆ ಇರುವುದು 20 ಡಿಗ್ರಿಯ ಆಸುಪಾಸಿನಲ್ಲಿ. ಇಲ್ಲಿ ಕೋಣೆಯನ್ನು ಬಿಸಿಮಾಡಬೇಕಾಗಿಲ್ಲ, ನೀರನ್ನು ಬಿಸಿಮಾಡಿದರೆ ಸಾಕು. 20 ಲೀಟರಿನ ಒಂದು ಕೊಡಪಾನ ನೀರನ್ನು 27 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು 1,260 ಕಿಲೋಜೌಲ್, ಎಂದರೆ ವಿದ್ಯುತ್ತಿನ ಲೆಕ್ಕದಲ್ಲಿ 0.35 ಯೂನಿಟ್ ಬೇಕು. ಇದು ಅಲ್ಪ.

ನಮ್ಮ ಹಿರಿಯರು ಇದಕ್ಕಾಗಿ ತಾಮ್ರದ ಹಂಡೆಯನ್ನು ಒಲೆಯ ಮೇಲೆ ಹೂಡಿದ್ದರು. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದಂದು ಆ ಹಂಡೆಯನ್ನು ತೊಳೆದು, ಬಳ್ಳಿ ಸುತ್ತಿ, ಪೂಜಿಸುವುದನ್ನು ನೀವೆಲ್ಲ ಕಂಡಿದ್ದೀರಿ. ತೆಂಗಿನ ಸೋಗೆ, ಸಿಪ್ಪೆ, ಗೆರಟೆಗಳೇ ಅದರ ಉರುವಲು. ಆ ಒಲೆಗೆ ಇನ್ನೊಂದು ಉಪಯೋಗವಿತ್ತು. ಆಷಾಢದ ಮಳೆಯಲ್ಲಿ ಒಣಗದ ಬಟ್ಟೆಯನ್ನು ಅದರ ಮೇಲ್ಗಡೆ ಹರವುತ್ತಿದ್ದರು. ನೂರಕ್ಕೆ 95ರಷ್ಟು ತೇವವಿರುವ 26 ಡಿಗ್ರಿಯ ಗಾಳಿಯನ್ನು ಕೇವಲ 5 ಡಿಗ್ರಿ ಬಿಸಿಮಾಡಿದರೆ ಅದರ ಸಾಪೇಕ್ಷ ಆರ್ದ್ರತೆ ನೂರಕ್ಕೆ 71ಕ್ಕೆ ಇಳಿಯುತ್ತದೆ. ರೇಡಿಯೇಟರಿನ ಕೆಲಸವನ್ನು ನಮ್ಮ ಬಚ್ಚಲ ಒಲೆಯೂ ತಕ್ಕಮಟ್ಟಿಗೆ ಮಾಡುತ್ತಿತ್ತು.

ಹಳೆಯದೆಲ್ಲ ಚೆನ್ನೆಂದು ನಾನು ಹೇಳುತ್ತಿಲ್ಲ. ಹೊಗೆಯಿಂದ ಕಣ್ಣು, ಶ್ವಾಸಕೋಶಗಳು ಕೆಡುತ್ತಿದ್ದವು. ಆ ಕಷ್ಟ ಹೆಚ್ಚಾಗಿ ಹೆಂಗಸರ ಪಾಲಿಗೇ ಬರುತ್ತಿತ್ತು. ಆದರೆ ಹಂಚಿನ ಮಾಡಿನ ಸಂದುಗಳಿಂದ ಗಾಳಿ ಧಾರಾಳವಾಗಿ ಆಡುತ್ತಿತ್ತು. ಹೊಸ ಕೋಣೆಗೆ ಕಾಂಕ್ರೀಟಿನ ಮಾಡು, ಬಿಗಿಯಾದ ಬಾಗಿಲು, ಅಂಗೈಯಗಲದ ಕಿಟಕಿ. ಅದರೊಳಗೆ ತಮ್ಮ ಇಡಬಯಸಿದ್ದುದು ಅನಿಲದ ಗೀಸರು. ನನ್ನ ಆಕ್ಷೇಪಣೆ ಇದಕ್ಕೇ.

ಮತ್ತೆ ಲೆಕ್ಕ ಮಾಡೋಣ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸುವ ಗೀಸರು ಕಾಲು ಗಂಟೆ ಉರಿದರೆ ಸುಮಾರು ಕಾಲು ಕಿಲೋಗ್ರಾಂ ಅನಿಲ ಬೇಕು. ಅದು ಪೂರ್ಣವಾಗಿ ಉರಿಯಲು ಸುಮಾರು 3 ಘನಮೀಟರ್ ಗಾಳಿ ಬೇಕು. ಅಣ್ಣನ ಕೋಣೆಯಷ್ಟೇ ದೊಡ್ಡ ಕೋಣೆಯಲ್ಲಿರುವ ಗಾಳಿ ಒಟ್ಟು 7.5 ಘನಮೀಟರ್! ಹೊಸ ಗಾಳಿ ಬಾರದಿದ್ದರೆ ಆಮ್ಲಜನಕ ಕುಗ್ಗಿ, ಜ್ವಾಲೆ ಅರೆಬರೆ ಉರಿದು, ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆಸುತ್ತು ಬಂದು, ಬಾಗಿಲು ತೆರೆಯುವಷ್ಟು ತ್ರಾಣವೂ ಇಲ್ಲದೆ ಮನುಷ್ಯ ಕುಸಿಯುತ್ತಾನೆ. ಸ್ನಾನಕ್ಕೆ ಹೋದವರು ಹೊರಗೆ ಬಾರದೆ ಹೋದ ಸುದ್ದಿಗಳನ್ನು ನಮ್ಮ ನಾಡಿನ ಪತ್ರಿಕೆಗಳು ಮತ್ತೆ ಮತ್ತೆ ವರದಿ ಮಾಡಿವೆ.

ಆದುದರಿಂದ ಸ್ನಾನದ ಕೋಣೆಯೊಳಗೆ ಯಾವ ಉರಿಯೂ ಇರಕೂಡದು. ಅನಿಲದ ಗೀಸರೇ ಬೇಕೆಂದಿದ್ದರೆ ಅದನ್ನು ಹೊರಗೋಡೆಗೆ ಕೂರಿಸಿ, ಬಿಸಿನೀರನ್ನು ಮಾತ್ರ ಒಳಗೆ ತರಬೇಕು. ಬಿಸಿಲಿರುವ ತಿಂಗಳುಗಳಿಗೆ ಮಾಡಿನ ಮೇಲೆ ಸೌರಶಾಖದ ತೊಟ್ಟಿ ಉತ್ತಮ. ಮಳೆಗಾಲಕ್ಕೆ ಚಿಕ್ಕದೊಂದು ವಿದ್ಯುತ್ ಗೀಸರು ಸಾಕು. ಅದಕ್ಕೆ ಭೂಸಂಪರ್ಕವನ್ನೂ, ವಿದ್ಯುತ್ತು ಸೋರಿದೊಡನೆ ಪ್ರವಾಹವನ್ನು ಕಡಿಯುವ ಸಾಧನವನ್ನೂ ತಪ್ಪದೆ ಅಳವಡಿಸಬೇಕು. ಕಡಲ ಉಪ್ಪುಗಾಳಿಗೆ ಕಬ್ಬಿಣ ಬೇಗನೆ ತುಕ್ಕು ಹಿಡಿಯುವುದರಿಂದ ಹೊರಗಿನ ಕೊಂಡಿ, ತಿರುಪುಗಳನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ಗೋಡೆಯ ಮೇಲ್ತುದಿಯಲ್ಲಿ ಸದಾ ತೆರೆದಿರುವ ಗವಾಕ್ಷಿಯನ್ನು ಮಾತ್ರ ಯಾವ ಅಂದಕ್ಕಾಗಿಯೂ ಬಿಡಬಾರದು.

ವಿದ್ಯಾರ್ಥಿಗಳೇ, ಪರೀಕ್ಷೆಗೆಂದು ಓದಿದ ಗುಪ್ತೋಷ್ಣವೂ ದಹನಕ್ರಿಯೆಯೂ ಪುಸ್ತಕದಲ್ಲಿಯೇ ಉಳಿಯಬೇಕಾಗಿಲ್ಲ. ಈ ಭಾನುವಾರ ಒಂದು ಅಳತೆಪಟ್ಟಿಯನ್ನು ಹಿಡಿದು ನಿಮ್ಮ ಮನೆಯ ಬಚ್ಚಲನ್ನು ಅಳೆಯಿರಿ. ಅದರ ಗಾಳಿ ಎಷ್ಟು ಘನಮೀಟರ್, ಗವಾಕ್ಷಿ ತೆರೆದಿದೆಯೇ, ಒಳಗೆ ಉರಿಯುವ ವಸ್ತು ಏನಾದರೂ ಇದೆಯೇ ಎಂದು ಬರೆದುಕೊಳ್ಳಿರಿ. ಆ ಲೆಕ್ಕವನ್ನು ಮನೆಯ ಹಿರಿಯರ ಮುಂದಿಡಿರಿ. ತಮ್ಮ ನಮ್ಮ ಲೆಕ್ಕವನ್ನು ಎರಡು ಸಲ ಓದಿ, ಗೀಸರನ್ನು ಹೊರಗೋಡೆಗೆ ಹಾಕಿಸಿದ್ದಾರೆ, ಗವಾಕ್ಷಿಯೂ ಬಂದಿದೆ.