ಹದಿಮೂರು ಪಟ್ಟ

ಪರೀಕ್ಷೆಗೆ ಅಂತ ಬ್ರಿಟಿಷ್ ದೊರೆಗಳ ಇಸವಿಗಳನ್ನೆಲ್ಲ ಬಾಯಿಪಾಠ ಮಾಡುವ ನಾವು ಜುಲು ದೊರೆ ಸೆಟ್ಶ್ವಾಯೊನ ಹೆಸರು ಕೇಳಿದ್ದೇವಾ? ಗೆದ್ದವರು ಬರೆದ ಪಾಠದಲ್ಲಿ ಸೋತವರಿಗೆ ಜಾಗ ಕಮ್ಮಿ. ಅದಕ್ಕೇ ಈ ಸಲ ಅವನ ಮಾತು.

ಮೊದಲೇ ಹೇಳಿಬಿಡುತ್ತೇವೆ, ನಾವು ರಾಜರ ಭಜನೆ ಮಾಡುವವರಲ್ಲ. 1856ರಲ್ಲಿ ಪಟ್ಟಕ್ಕಾಗಿ ಮಲಸೋದರನ ಮೇಲೆ ಬಿದ್ದು ಸಾವಿರಾರು ಜನರ ನೆತ್ತರು ಹರಿಸಿದವನೇ ಇವನೂ. ಆದರೆ 1872ರಲ್ಲಿ ತಂದೆ ಎಂಪಾಂಡೆ ಸತ್ತ ಮೇಲೆ ದೊರೆಯಾದ ಇವನು ಬ್ರಿಟಿಷರ ತಂಟೆಗೆ ಹೋಗಲಿಲ್ಲ. ಅವರ ಅಧಿಕಾರಿ ಶೆಪ್‌ಸ್ಟೋನ್ 1873ರಲ್ಲಿ ತಾನೇ ಬಂದು ಇವನಿಗೆ ಪಟ್ಟ ಕಟ್ಟಿದ್ದ. ಅದೇ ಬ್ರಿಟಿಷರು 1878ರ ಡಿಸೆಂಬರಿನಲ್ಲಿ ತಾಕೀತು ಕಳಿಸಿದರು: 30 ದಿನದೊಳಗೆ ನಿನ್ನ ಸೈನ್ಯ ಮುರಿ, ನಮ್ಮ ಅಧಿಕಾರಿಯನ್ನು ನಿನ್ನ ನೆಲದಲ್ಲಿ ಕೂರಿಸಿಕೋ! ಒಪ್ಪಲಾಗದ ಷರತ್ತು ಹಾಕುವುದು, ಒಪ್ಪಲಿಲ್ಲ ಅಂತ ಹೊಡೆಯುವುದು. ಈ ದೊಣ್ಣೆ ಬಹಳ ಹಳೆಯದು.

1879ರ ಜನವರಿ 22. ಇಸಾಂಡ್ಲ್ವಾನಾ ಗುಡ್ಡದ ಬುಡದಲ್ಲಿ ಈಟಿ, ತೊಗಲಿನ ಗುರಾಣಿ ಹಿಡಿದ ಜುಲುಗಳು ಫಿರಂಗಿ, ಬಂದೂಕಿನ ಸೈನ್ಯಕ್ಕೆ ಮಣ್ಣು ಮುಕ್ಕಿಸಿದರು. ಬ್ರಿಟಿಷರ ಕಡೆ ಸತ್ತವರು 1300ಕ್ಕೂ ಹೆಚ್ಚು. ಅವರಲ್ಲಿ ನೂರಾರು ಜನ ಬಿಳಿಯರ ಪರವಾಗಿ ನಿಂತಿದ್ದ ಕರಿಯರೇ. ಇದನ್ನೂ ನಾವು ಮರೆಯಬಾರದು. ಗಡಿ ದಾಟಿ ನಟಾಲಿಗೆ ನುಗ್ಗಬೇಡಿ ಎಂದು ತನ್ನವರಿಗೆ ಹೇಳಿದ್ದವನು, ಶಾಂತಿ ಕೇಳಿ ದೂತರನ್ನು ಕಳಿಸಿದವನು ಈ 'ಕಾಡು' ದೊರೆ. 'ನಾಗರಿಕರು' ಜುಲೈ 4ರಂದು ಅವನ ಉಲುಂಡಿಯನ್ನು ಸುಟ್ಟರು. ಆಗಸ್ಟಿನಲ್ಲಿ ಅವನನ್ನು ಹಿಡಿದು ಕೇಪ್‌ಟೌನಿನ ಕೋಟೆಗೆ ಸಾಗಿಸಿದರು.

ಇನ್ನು ಮುಖ್ಯ ಮಾತು. ಬ್ರಿಟಿಷರು ಆ ನಾಡನ್ನು ಕೂಡಲೇ ನುಂಗಲಿಲ್ಲ. 13 ತುಂಡು ಮಾಡಿ 13 ಜನಕ್ಕೆ ಪಟ್ಟ ಹಂಚಿದರು. ನಿನ್ನೆಯ ತನಕ ಒಂದೇ ಸಾಲಲ್ಲಿ ನಿಂತಿದ್ದವರು ಒಬ್ಬರ ದನ ಒಬ್ಬರು ಹೊಡೆದುಕೊಂಡು, ಬಡಿದಾಡಿಕೊಂಡು ಸತ್ತರು. 1882ರಲ್ಲಿ ದೊರೆ ಲಂಡನ್ನಿಗೇ ಹೋಗಿ ರಾಣಿಯ ಮುಂದೆ ನಿಂತು ತನ್ನ ನಾಡನ್ನು ಕೇಳಿದ. ಮುಂದಿನ ವರ್ಷ ಒಂದು ಭಾಗ ಮಾತ್ರ ಸಿಕ್ಕಿತು. ಅದೇ ಜುಲೈನಲ್ಲಿ ಅವನ ಊರಿಗೆ ಬೆಂಕಿ ಇಟ್ಟವನು ಬಿಳಿಯನಲ್ಲ; ಆ 13 ಜನರಲ್ಲೊಬ್ಬ, ಜಿಭೇಭು. 1884ರ ಫೆಬ್ರವರಿ 8ರಂದು ಎಶೋವೆಯಲ್ಲಿ ದೊರೆ ತೀರಿಕೊಂಡ. 1887ರಲ್ಲಿ ಬ್ರಿಟಿಷರು ಜುಲು ನಾಡನ್ನೇ ತಮ್ಮದು ಮಾಡಿಕೊಂಡರು.

ಗುಂಡು ಅರ್ಧ ಮಾಡಿದ ಕೆಲಸವನ್ನು ಪಟ್ಟ ಪೂರ್ತಿ ಮಾಡಿತು.

ಹಾಸ್ಟೆಲಿನ ಗೆಳೆಯರೇ, ನಮ್ಮ ಎದೆಗೆ ಗುರಿ ಇಟ್ಟವನನ್ನು ಗುರುತಿಸುವುದು ಸುಲಭ. ನಮ್ಮಲ್ಲೊಬ್ಬನ ತಲೆಗೆ ಪೇಟ ಸುತ್ತಲು ಬರುವವನಿದ್ದಾನಲ್ಲ, ಅವನ ಕೈ ನೋಡಿ. ಆ ಕೈಯಲ್ಲಿ ಇನ್ನೂ ಹನ್ನೆರಡು ಪೇಟ ಇರುತ್ತವೆ.