ಪಾರ್ಸೆಲ್ ಡಬ್ಬಿಯ ಪರೀಕ್ಷೆ: ಒಬ್ಬರಿಂದ ಆಗದ್ದು ಒಟ್ಟಾದರೆ ಆದೀತು



ಭಿವಂಡಿಯಲ್ಲಿ ನಮ್ಮವರು ಹೋಟೇಲು ತೆರೆದ ಕಾಲದಲ್ಲಿ ಗಿರಾಕಿಯೆಂದರೆ ಮಗ್ಗದ ಕೆಲಸಗಾರ. ಪಾಳಿ ಮುಗಿಸಿ ಬಂದು, ಬೆಂಚಿನ ಮೇಲೆ ಕುಳಿತು, ಉಂಡು, ಕೈ ತೊಳೆದು ಹೋಗುತ್ತಿದ್ದ. ಸ್ಟೀಲಿನ ತಟ್ಟೆ, ಸ್ಟೀಲಿನ ಲೋಟ. ತೊಳೆದಿಟ್ಟರೆ ಅಲ್ಲಿಗೆ ಮುಗಿಯಿತು. ಇಂದು ಅಂಜೂರ್ ಫಾಟಾದಿಂದ ಮಾನ್ಕೋಲಿಯವರೆಗೆ ಗೋಡೌನುಗಳೇ ತುಂಬಿವೆ. ಅಲ್ಲಿನ ಹುಡುಗರಿಗೆ ಕುಳಿತು ಉಣ್ಣಲು ಪುರುಸೊತ್ತಿಲ್ಲ, ಊಟ ಅವರಿದ್ದಲ್ಲಿಗೇ ಹೋಗಬೇಕು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಸದಸ್ಯರ ಕಥೆಯೂ ಇದೇ. ವ್ಯಾಪಾರದ ದೊಡ್ಡ ಪಾಲು ಪಾರ್ಸೆಲಿಗೆ ತಿರುಗಿದೆ. ಅಡುಗೆಯ ರುಚಿಯ ಬಗ್ಗೆ ಭಟ್ಟರನ್ನು ಕೇಳಬಹುದು. ಆದರೆ ಅದನ್ನು ತುಂಬುವ ಡಬ್ಬಿಯ ಬಗ್ಗೆ ಯಾರನ್ನು ಕೇಳೋಣ?

ಈ ಪ್ರಶ್ನೆ ನಮಗೆ ಸುಮ್ಮನೆ ಹುಟ್ಟಿದ್ದಲ್ಲ. 2018ರ ಮಾರ್ಚ್ 23ರಂದು ಮಹಾರಾಷ್ಟ್ರ ಸರಕಾರ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆ ಹೊರಡಿಸಿತು. ಮೂರು ತಿಂಗಳ ಗಡುವು ಮುಗಿದು ಜೂನ್ 23ರಿಂದ ದಂಡ ಶುರುವಾದುದು ಎಲ್ಲರಿಗೂ ನೆನಪಿರಬಹುದು. ಮೊದಲ ಬಾರಿ 5,000, ಎರಡನೆಯ ಬಾರಿ 10,000, ಮೂರನೆಯ ಬಾರಿ 25,000 ರೂಪಾಯಿ, ಜೊತೆಗೆ ಮೂರು ತಿಂಗಳ ಸೆರೆಯ ಭಯ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ತಟ್ಟೆ, ಲೋಟ, ಚಮಚ, ಸ್ಟ್ರಾಗಳ ಮೇಲೆ ಕೇಂದ್ರದ ನಿಷೇಧ ಬಂತು. ಅದೇ ತಿಂಗಳಲ್ಲಿ ನಮ್ಮ ರಾಜ್ಯ ಪ್ಲಾಸ್ಟಿಕ್ ಲೇಪದ ಕಾಗದದ ತಟ್ಟೆ-ಲೋಟಗಳನ್ನೂ ನಿಷೇಧದ ಪಟ್ಟಿಗೆ ಸೇರಿಸಿತು. ವರ್ಷದ ಕೊನೆಯ ಹೊತ್ತಿಗೆ ಗೊಬ್ಬರವಾಗುವ ವಸ್ತುವಿನಿಂದ ಮಾಡಿದವುಗಳಿಗೆ ವಿನಾಯಿತಿ ಸಿಕ್ಕಿತು. ಆದರೆ ಸಿಪೆಟ್ ಮತ್ತು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕೆಂಬ ಷರತ್ತಿನೊಂದಿಗೆ.

ಆ ದಿನಗಳಲ್ಲಿ ನಾವು ಒಬ್ಬ ವ್ಯಾಪಾರಿಯಿಂದ 'ಗೊಬ್ಬರವಾಗುವ' ಡಬ್ಬಿಗಳನ್ನು ಪೆಟ್ಟಿಗೆಗಟ್ಟಲೆ ತರಿಸಿದೆವು. ದರ ಹಳೆಯ ಡಬ್ಬಿಗಿಂತ ಹೆಚ್ಚು. ಜೊತೆಗೆ ಪ್ರಮಾಣಪತ್ರದ ಝೆರಾಕ್ಸ್ ಪ್ರತಿ. ಮೂರನೆಯ ದಿನ ಬಿಸಿ ಸಾಂಬಾರು ತುಂಬಿದ ಡಬ್ಬಿಯ ತಳ ಮೆತ್ತಗಾಗಿ, ಗೋಡೌನಿನ ಮ್ಯಾನೇಜರರ ಮೇಜಿನ ಮೇಲಿದ್ದ ಬಿಲ್ಲುಗಳೆಲ್ಲ ಸಾಂಬಾರಿನಲ್ಲಿ ನೆನೆದವು. ಅದಾದರೂ ಹೋಗಲಿ. ನಂತರ ಝೆರಾಕ್ಸ್ ಪ್ರತಿಯನ್ನು ಓದಿದವರೊಬ್ಬರು ಹೇಳಿದರು, ಇದು ಬೇರೊಂದು ಕಂಪೆನಿಯ ಕೈಚೀಲಕ್ಕೆ ಕೊಟ್ಟ ಪ್ರಮಾಣಪತ್ರ, ಡಬ್ಬಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು. ಅಧಿಕಾರಿಗಳು ಬಂದಿದ್ದರೆ ದಂಡ ಕಟ್ಟಬೇಕಾದವರು ನಾವೇ. ಓದದೆ ಫೈಲಿಗೆ ಹಾಕಿದ ತಪ್ಪೂ ನಮ್ಮದೇ. ಇಂಥ ಅನುಭವ ನಮ್ಮೊಬ್ಬರದೇ ಎಂದು ಭಾವಿಸಬೇಕಾಗಿಲ್ಲ.

ಇಲ್ಲಿ ನಮ್ಮ ನೆರೆಯವರನ್ನು ನೋಡಿ ಕಲಿಯುವುದಿದೆ. ಭಿವಂಡಿಯ ಮಗ್ಗದ ಸೇಠ್ ನೂಲಿನ ಬಲ ಅಳೆಯಲು ತನ್ನದೇ ಪ್ರಯೋಗಾಲಯ ಕಟ್ಟಲಿಲ್ಲ. ಪವರ್‌ಲೂಮ್ ಸರ್ವಿಸ್ ಸೆಂಟರ್ ಎಂಬ ವ್ಯವಸ್ಥೆ ಈ ಊರಲ್ಲಿ ಇದೆ. ನಾಲ್ಕು ಮಗ್ಗದವನೂ ಅಲ್ಲಿಗೆ ಬಟ್ಟೆಯ ತುಂಡು ಒಯ್ಯಬಹುದು. ಅದಕ್ಕೂ ಹಿಂದೆ, 1947ರಲ್ಲಿ ಅಹಮದಾಬಾದಿನಲ್ಲಿ 'ಅಟಿರಾ' ಎಂಬ ಜವಳಿ ಸಂಶೋಧನಾ ಸಂಸ್ಥೆ ಹುಟ್ಟಿತು. ಕಟ್ಟಿದವರಲ್ಲಿ ಮಿಲ್ ಮಾಲಕ ಕಸ್ತೂರಭಾಯಿ ಲಾಲಭಾಯಿ ಹಾಗೂ ವಿಜ್ಞಾನಿ ವಿಕ್ರಮ್ ಸಾರಾಭಾಯಿ ಮುಖ್ಯರು. ಮುಂಬಯಿಯಲ್ಲಿ 1950ರಲ್ಲಿ ಸಸ್ಮಿರಾ, 1954ರಲ್ಲಿ ಬಿಟ್ರಾ ಬಂದವು. ಮಾರುಕಟ್ಟೆಯಲ್ಲಿ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಸೆಳೆಯುತ್ತಿದ್ದ ಮಿಲ್ಲುಗಳೇ ಸಂಶೋಧನೆಯ ಖರ್ಚನ್ನು ಹಂಚಿಕೊಂಡವು. ಆ ಮಿಲ್ಲು-ಮಗ್ಗದ ಜನರಿಗೆ ಊಟ ಬಡಿಸಿದ ನಾವು ಮಾತ್ರ ಅವರ ಈ ಬುದ್ಧಿಯನ್ನು ಕಲಿಯಲಿಲ್ಲ.

ಹಾಗೆಂದು ನಾವು ಹೊಸ ಕಟ್ಟಡ ಕಟ್ಟಬೇಕೆಂದು ಹೇಳುತ್ತಿಲ್ಲ. ಕಟ್ಟಡದ ಮಾತು ಬಂದರೆ ನಮ್ಮಲ್ಲಿ ಮೊದಲು ಶಿಲಾಫಲಕದ ಮೇಲೆ ಯಾರ ಹೆಸರು ಎಂಬ ಚರ್ಚೆಯಾಗುತ್ತದೆ! ಪ್ರಯೋಗಾಲಯಗಳು ಈಗಾಗಲೇ ಇವೆ. 1966ರಲ್ಲಿ ಸ್ಥಾಪನೆಯಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಕೇಜಿಂಗ್ ಇರುವುದು ನಮ್ಮ ಅಂಧೇರಿಯಲ್ಲೇ. ಶುಲ್ಕ ಕಟ್ಟಿದರೆ ಪ್ಯಾಕಿಂಗ್ ವಸ್ತುಗಳನ್ನು ಪರೀಕ್ಷಿಸಿಕೊಡುತ್ತದೆ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಶುರುವಾದ ಸಿ.ಎಫ್.ಟಿ.ಆರ್.ಐ.ನಲ್ಲಿ ಆಹಾರ ಪ್ಯಾಕಿಂಗಿಗೆಂದೇ ಪ್ರತ್ಯೇಕ ವಿಭಾಗವಿದೆ. ಯಂತ್ರದಲ್ಲಿ ದೋಸೆ ಹುಯ್ಯುವ ಕೆಲಸಕ್ಕೂ ಕೈಹಾಕಿದ ಸಂಸ್ಥೆಯದು, ನಮ್ಮ ಅಡುಗೆಮನೆ ಅವರಿಗೆ ಅಪರಿಚಿತವಲ್ಲ. ಇವೆಲ್ಲ ಸಾರ್ವಜನಿಕ ಸಂಸ್ಥೆಗಳು. ಒಬ್ಬ ಹೋಟೇಲಿಗ ಒಂದು ಡಬ್ಬಿ ಹಿಡಿದುಕೊಂಡು ಹೋದರೆ ಶುಲ್ಕ ಭಾರವೆನಿಸೀತು. ಸಂಘವೇ ನಮೂನೆ ಕಳುಹಿಸಿ ಫಲಿತಾಂಶವನ್ನು ಎಲ್ಲ ಸದಸ್ಯರಿಗೆ ಹಂಚಿದರೆ ತಲೆಗೆ ಬೀಳುವುದು ಎಷ್ಟು?

ಏನನ್ನು ಕೇಳಬೇಕೆಂಬುದೂ ನಮಗೆ ತಿಳಿದಿರಬೇಕು. ಪ್ಲಾಸ್ಟಿಕ್ ಡಬ್ಬಿಯಿಂದ ಆಹಾರಕ್ಕೆ ಇಳಿಯುವ ಅಂಶ ಕಿಲೋಗೆ 60 ಮಿಲಿಗ್ರಾಂ ಮೀರಬಾರದೆಂದು 2018ರ ಆಹಾರ ಸುರಕ್ಷತಾ ಪ್ಯಾಕಿಂಗ್ ನಿಯಮಾವಳಿ ಹೇಳುತ್ತದೆ. (ತಿಂಡಿ ಕಟ್ಟಲು ಪತ್ರಿಕೆಯ ಕಾಗದ ಕೂಡದೆಂದು ಹೇಳಿದ್ದೂ ಅದೇ ನಿಯಮಾವಳಿ, ವಡಾ-ಪಾವ್ ಮಾರುವ ಸದಸ್ಯರು ಗಮನಿಸಬೇಕು.) ಪ್ರಯೋಗಾಲಯದಲ್ಲಿ ಹುಳಿ ಪದಾರ್ಥದ ಬದಲು ಶೇ. 3ರ ಅಸಿಟಿಕ್ ಆಮ್ಲ ಹಾಕಿ ನೋಡುತ್ತಾರೆ. ನಮ್ಮ ಸಾರು ಹುಳಿಯಷ್ಟೇ ಅಲ್ಲ, ಕುದಿಕುದಿಯುತ್ತಲೇ ಡಬ್ಬಿಗೆ ಬೀಳುತ್ತದೆ, ಮೇಲೆ ಒಗ್ಗರಣೆಯ ಎಣ್ಣೆ ಬೇರೆ. ಕಬ್ಬಿನ ಸಿಪ್ಪೆಯ ಡಬ್ಬಿಯ ಸಮಸ್ಯೆ ಇನ್ನೊಂದು. ಎಣ್ಣೆ ಹೀರದಂತೆ ಇಂಥ ಡಬ್ಬಿಗಳಿಗೆ ಪಿಎಫ್‌ಎಎಸ್ ಎಂಬ ರಾಸಾಯನಿಕ ಸೇರಿಸುವ ಪದ್ಧತಿ ಹೊರದೇಶಗಳಲ್ಲಿ ಇತ್ತು. ಕಾಗದದ ಆಹಾರ ಪ್ಯಾಕಿಂಗಿಗೆ ಅದರ ಮಾರಾಟ ನಿಂತಿದೆಯೆಂದು ಅಮೆರಿಕದ ಎಫ್.ಡಿ.ಎ. 2024ರಲ್ಲಿ ಘೋಷಿಸಿತು. ನಾವು ಕೊಳ್ಳುವ ಡಬ್ಬಿಯಲ್ಲಿ ಅದು ಇದೆಯೋ ಇಲ್ಲವೋ? ಮಾರುವವನ ಬಾಯಿಮಾತೇ ನಮಗೆ ಆಧಾರ.

ಇನ್ನು ನಮ್ಮ ಊರಿನದೇ ಮಾತು. ಹಾಳೆ ತಟ್ಟೆಯೆಂದರೆ ನಮಗೆ ಎಲ್ಲಿಲ್ಲದ ಅಭಿಮಾನ. ಪುತ್ತೂರು, ವಿಟ್ಲ, ಕಾಸರಗೋಡಿನ ಎಷ್ಟೋ ಸದಸ್ಯರ ಮನೆಯ ತೋಟದಲ್ಲಿ ಬಿದ್ದ ಹಾಳೆಯೇ ತಟ್ಟೆಯಾಗಿ ಇಲ್ಲಿನ ಮದುವೆ ಕೇಟರಿಂಗಿಗೆ ಬರುತ್ತದೆ. ತೋಟದವನಿಗೂ ಕಾಸು, ಎಸೆದರೆ ಮಣ್ಣಿಗೂ ಗೊಬ್ಬರ. ಆದರೆ 2025ರ ಮೇ ತಿಂಗಳಲ್ಲಿ ಅದೇ ಎಫ್.ಡಿ.ಎ., ಅಡಿಕೆ ಹಾಳೆಯಲ್ಲಿರುವ ನೈಸರ್ಗಿಕ ವಿಷಾಂಶಗಳು ಆಹಾರಕ್ಕೆ ಇಳಿಯಬಹುದೆಂದು ಹೇಳಿ, ಹಾಳೆ ತಟ್ಟೆಗಳನ್ನು ಊಟಕ್ಕೆ ಬಳಸಬಾರದೆಂದಿತು. ಆಮದಿಗೂ ತಡೆ ಬಿತ್ತು. ನಮ್ಮ ಅಜ್ಜ-ಪಿಜ್ಜ ಹಾಳೆಯಲ್ಲೇ ಉಂಡು ನೂರು ವರ್ಷ ಬಾಳಿದರೆಂದು ಸಿಟ್ಟಿನಿಂದ ಹೇಳುವುದು ಸುಲಭ. ನಮಗೂ ಸಿಟ್ಟು ಬಂತು. ಆದರೆ ನಾಳೆ ಕಲ್ಯಾಣದ ಒಬ್ಬ ಗಿರಾಕಿ ಮೊಬೈಲಿನಲ್ಲಿ ಆ ಸುದ್ದಿ ತೋರಿಸಿ ಕೇಳಿದರೆ ಅಜ್ಜನ ಆಯುಷ್ಯವನ್ನು ಉತ್ತರವಾಗಿ ಕೊಡಲಾದೀತೇ? ಬಿಸಿ ಸಾರು ಅರ್ಧ ಗಂಟೆ ಹಾಳೆಯಲ್ಲಿದ್ದರೆ ಏನು ಇಳಿಯುತ್ತದೆ, ಎಷ್ಟು ಇಳಿಯುತ್ತದೆ ಎಂಬ ಅಂಕಿ ಕೈಯಲ್ಲಿರಬೇಕು. ಅಡಿಕೆಯ ಬಗ್ಗೆ ಕೆಲಸ ಮಾಡುವ ಸಿ.ಪಿ.ಸಿ.ಆರ್.ಐ. ಕಾಸರಗೋಡಿನಲ್ಲಿದೆ, ಅದರ ಕೇಂದ್ರ ವಿಟ್ಲದಲ್ಲಿದೆ. ತೋಟದವರ ಸಂಘಗಳ ಜೊತೆ ನಮ್ಮಂಥ ಬಳಕೆದಾರರ ಸಂಘಗಳೂ ಪತ್ರ ಬರೆದರೆ ಅದಕ್ಕೆ ತೂಕ ಬರುತ್ತದೆ. ಫಲಿತಾಂಶ ನಮ್ಮ ವಿರುದ್ಧ ಬಂದರೂ ಸರಿ, ಗಿರಾಕಿಗಿಂತ ಮೊದಲು ನಮಗೆ ಗೊತ್ತಾಗಲಿ.

ಮತ್ತೊಂದು ಸಂಗತಿ. 'ಗೊಬ್ಬರವಾಗುವ ಪ್ಲಾಸ್ಟಿಕ್' ಎಂದು ಮುದ್ರೆ ಬೀಳುವುದು ಸುಮಾರು 58 ಡಿಗ್ರಿ ಶಾಖದಲ್ಲಿ, ತಿಂಗಳುಗಟ್ಟಲೆ ನಡೆಯುವ ಪರೀಕ್ಷೆಯಲ್ಲಿ ಪಾಸಾದ ಮೇಲೆ. ಅಂಥ ಶಾಖ ದೊಡ್ಡ ಗೊಬ್ಬರ ಘಟಕದಲ್ಲಿ ಇರುತ್ತದೆಯೇ ಹೊರತು ರಸ್ತೆ ಬದಿಯ ಕಸದ ರಾಶಿಯಲ್ಲಲ್ಲ. ಹೆಚ್ಚು ದರ ಕೊಟ್ಟು ತಂದ ಡಬ್ಬಿ ಚರಂಡಿಯಲ್ಲಿ ಬಿದ್ದರೆ ಮಳೆಗಾಲದಲ್ಲಿ ನೀರು ಕಟ್ಟುವುದು ತಪ್ಪುವುದಿಲ್ಲ. ಈ ಕಾರಣಕ್ಕೆ ನಮ್ಮ ಒಲವು, ಸಾಧ್ಯವಾದಲ್ಲೆಲ್ಲ, ಹಳೆಯ ಸ್ಟೀಲ್ ಡಬ್ಬಿಯ ಕಡೆಗೇ. ದಿನವೂ ಊಟ ತರಿಸುವ ಗೋಡೌನಿಗೆ ಬೆಳಿಗ್ಗೆ ತುಂಬಿದ್ದು, ಸಂಜೆ ಖಾಲಿ ತಂದದ್ದು, ನಡುವೆ ಸ್ವಲ್ಪ ಡಿಪಾಸಿಟ್. ಹುಡುಗರು ಡಬ್ಬಿ ಕಳೆಯುತ್ತಾರೆ, ತೊಳೆಯಲು ನೀರಿಲ್ಲ ಎಂಬ ಆಕ್ಷೇಪ ನಿಜವೇ. ಟ್ಯಾಂಕರ್ ನೀರಿನ ಮೇಲೆ ನಡೆಯುವ ಹೋಟೇಲಿಗೆ ನಾವು ಉಪದೇಶ ಮಾಡಲಾರೆವು.

ಈಗ ಸಂಘದ ಮುಂದೆ ನಮ್ಮ ಬೇಡಿಕೆ ಚಿಕ್ಕದು. ಮೊದಲ ವರ್ಷಕ್ಕೆ ನಾಲ್ಕೇ ವಸ್ತು ಸಾಕು: ಸಾಂಬಾರಿನ ಡಬ್ಬಿ, ಗ್ರೇವಿಯ ಡಬ್ಬಿ, ಕೈಚೀಲ, ಹಾಳೆ ತಟ್ಟೆ. ಸದಸ್ಯರು ಹೆಚ್ಚಾಗಿ ಕೊಳ್ಳುವ ಮಾಲನ್ನು ಅಂಗಡಿಯಿಂದಲೇ ಹೆಸರು ಹೇಳದೆ ಕೊಂಡು ಅಂಧೇರಿಗೆ ಕಳುಹಿಸಬೇಕು. ವ್ಯಾಪಾರಿಯೇ ಆರಿಸಿ ಕೊಟ್ಟ ನಮೂನೆ ಬೇಡ, ಅದು ಯಾವಾಗಲೂ ಪಾಸಾಗುತ್ತದೆ! ವರದಿಯನ್ನು ಇದೇ ಪತ್ರಿಕೆಯಲ್ಲಿ ಅಚ್ಚು ಹಾಕಬೇಕು. ಖರ್ಚನ್ನು ವಾರ್ಷಿಕ ಚಂದಾದ ಜೊತೆ ಸಮನಾಗಿ ಹಂಚಬಹುದೆಂದು ಕೆಲವರು, ಹೋಟೇಲಿನ ಗಾತ್ರ ನೋಡಿ ಹಂಚಬೇಕೆಂದು ಇನ್ನು ಕೆಲವರು ಹೇಳುತ್ತಿದ್ದಾರೆ. ನಮಗೆ ಎರಡನೆಯದೇ ನ್ಯಾಯವೆನಿಸುತ್ತದೆ. ನಾಲ್ಕು ಟೇಬಲಿನ ಟೀ ಅಂಗಡಿಯವನೂ ಎರಡು ಮಹಡಿಯ ಹೋಟೇಲಿನವನೂ ಒಂದೇ ಮೊತ್ತ ಕೊಡಬೇಕೆಂದರೆ ಸಣ್ಣವರು ಹಿಂದೆ ಸರಿಯುತ್ತಾರೆ, ದಂಡದ ಏಟು ಹೆಚ್ಚು ತಾಗುವುದೂ ಅವರಿಗೇ.

ಮುಂದಿನ ಮಾಸಿಕ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಾವು ಬಳಸುವ ಡಬ್ಬಿ ಒಂದನ್ನು, ಅದರ ಬಿಲ್ಲು ಹಾಗೂ ವ್ಯಾಪಾರಿ ಕೊಟ್ಟ ಪ್ರಮಾಣಪತ್ರದ ಪ್ರತಿಯೊಂದಿಗೆ ತರಬೇಕಾಗಿ ವಿನಂತಿ. ಪ್ರಮಾಣಪತ್ರವನ್ನು ಮನೆಯಲ್ಲೇ ಒಮ್ಮೆ ಓದಿಕೊಂಡು ಬನ್ನಿ.