‘ಆಮ್ಲಜನಕ’: ಒಂದು ಪಾರಿಭಾಷಿಕ ಪದ ಕಲಿಸುವ ಪಾಠ

ಪಾರಿಭಾಷಿಕ ಪದಗಳ ಚರ್ಚೆಯಲ್ಲಿ ಒಂದು ವಾದ ಮತ್ತೆ ಮತ್ತೆ ಕೇಳಿಬರುತ್ತದೆ: ಅನುವಾದಿತ ಪದವು ತನ್ನ ಅರ್ಥವನ್ನು ತಾನೇ ಹೇಳುತ್ತದೆ, ಆದ್ದರಿಂದ ಎರವಲು ಪದಕ್ಕಿಂತ ಅದು ಮೇಲು. ಮೂಲವಸ್ತುಗಳ ಹೆಸರುಗಳನ್ನು ಪರಿಶೀಲಿಸಿದರೆ ಈ ವಾದವನ್ನು ಪೂರ್ತಿಯಾಗಿ ಒಪ್ಪಲಾಗದು.

ಎಲ್ಲ ಆಮ್ಲಗಳಲ್ಲಿಯೂ ಆಕ್ಸಿಜನ್ ಇದ್ದೇ ಇರುತ್ತದೆಂದು ಫ್ರಾನ್ಸಿನ ಲವಾಸಿಯೇ ನಂಬಿದ್ದನು. ಆಮ್ಲವನ್ನು ಹುಟ್ಟಿಸುವುದು ಎಂಬರ್ಥದ ಈ ಹೆಸರನ್ನು ಗ್ರೀಕ್ ಧಾತುಗಳಿಂದ ಕಟ್ಟಿದವನು ಅವನೇ. ಹೆಸರು ವಸ್ತುವಿನ ಸ್ವರೂಪವನ್ನು ತಿಳಿಸಬೇಕೆಂಬ ತತ್ತ್ವದ ಮೇಲೆ ಅವನೂ ಅವನ ಸಂಗಡಿಗರೂ 1787ರಲ್ಲಿ ಹೊಸ ನಾಮಕರಣ ಪದ್ಧತಿಯನ್ನು ಪ್ರಕಟಿಸಿದರು. ಆದರೆ 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ಕ್ಲೋರಿನ್ ಸ್ವತಃ ಒಂದು ಮೂಲವಸ್ತುವೆಂದು ಸಾರಿದನು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿರುವುದು ಜಲಜನಕ ಮತ್ತು ಕ್ಲೋರಿನ್ ಮಾತ್ರ, ಆಕ್ಸಿಜನ್ ಇಲ್ಲ. ಹೆಸರಿನ ಆಧಾರ ಕುಸಿಯಿತು, ಹೆಸರು ಉಳಿಯಿತು. ಜರ್ಮನ್ ಮತ್ತು ರಷ್ಯನ್ ಭಾಷೆಗಳು ಅದೇ ಅರ್ಥವನ್ನು ತಮ್ಮ ಪದಗಳಲ್ಲಿ ಉಳಿಸಿಕೊಂಡಿವೆ. ಕನ್ನಡದ ‘ಆಮ್ಲಜನಕ’ವೂ ಇದೇ ಸಾಲಿಗೆ ಸೇರುತ್ತದೆ.

ಇಂಗ್ಲಿಷಿನಲ್ಲಿ ಓದುವವನಿಗೆ ಗ್ರೀಕ್ ಅಪರಿಚಿತವಾದುದರಿಂದ ಈ ತಪ್ಪು ಕಾಣಿಸದು. ಕನ್ನಡದ ವಿದ್ಯಾರ್ಥಿಗಾದರೋ ಅದು ಪದದ ಮೇಲೆಯೇ ಬರೆದಿದೆ. ಪಾರದರ್ಶಕತೆ ಗುಣವಾಗಿರುವಂತೆಯೇ ದೋಷವೂ ಆಗಬಲ್ಲದು.

‘ಸಾರಜನಕ’ದ ಕಥೆ ಬೇರೆ. ಲವಾಸಿಯೇ ಈ ಅನಿಲಕ್ಕಿತ್ತ ಹೆಸರು ‘ಅಜೋಟ್’, ಅಂದರೆ ನಿರ್ಜೀವವಾದುದು. 1790ರಲ್ಲಿ ಶಾಪ್ಟಾಲ್ ಕೊಟ್ಟ ‘ನೈಟ್ರೋಜನ್’ ಎಂಬುದಕ್ಕೆ ಪೆಟ್ಲುಪ್ಪನ್ನು ಹುಟ್ಟಿಸುವುದು ಎಂದರ್ಥ. ಕನ್ನಡದ ಹೆಸರು ಇವೆರಡರ ಅನುವಾದವೂ ಅಲ್ಲ. ಮಣ್ಣಿನ ಸಾರವನ್ನು ಬಲ್ಲ ಕೃಷಿಕ ಸಮಾಜಕ್ಕೆ ಅದು ಸಹಜವಾಗಿ ಒಪ್ಪುತ್ತದೆ. ‘ಇಂಗಾಲ’ದಲ್ಲಿ ಕೆಂಡ, ಇದ್ದಿಲುಗಳ ನೆನಪಿದೆ, ಇದ್ದಿಲೆಂಬ ಅರ್ಥದ ಲ್ಯಾಟಿನ್ ಪದದಿಂದಲೇ ‘ಕಾರ್ಬನ್’ ಹುಟ್ಟಿದೆ. 2016ರಲ್ಲಿ ಅಂಗೀಕೃತವಾದ ನಿಹೋನಿಯಂ, ಮಾಸ್ಕೋವಿಯಂ, ಟೆನ್ನೆಸೀನ್, ಒಗನೆಸಾನ್‌ಗಳಾದರೋ ಸ್ಥಳ ಮತ್ತು ವ್ಯಕ್ತಿಗಳ ಸ್ಮಾರಕಗಳು. ಅವುಗಳನ್ನು ಅನುವಾದಿಸುವ ಪ್ರಶ್ನೆಯೇ ಏಳದು.

ಹಾಗೆಂದು ‘ಆಮ್ಲಜನಕ’ವನ್ನು ಕೈಬಿಡಬೇಕಾಗಿಲ್ಲ. ಬಳಕೆಯಲ್ಲಿ ನೆಲೆಯೂರಿದ ಪದಕ್ಕೆ ಅರ್ಥ ಒದಗುವುದು ವ್ಯಾಖ್ಯೆಯಿಂದಲೇ ಹೊರತು ವ್ಯುತ್ಪತ್ತಿಯಿಂದಲ್ಲ. ಆದರೆ ವ್ಯುತ್ಪತ್ತಿ ದಾರಿ ತಪ್ಪಿಸುವೆಡೆ ಅದನ್ನು ತಿಳಿಸುವ ಹೊಣೆ ಕೋಶಕಾರರ ಮೇಲಿದೆ. ಇಂದಿನ ಪಾರಿಭಾಷಿಕ ಕೋಶಗಳು ಬಹುಮಟ್ಟಿಗೆ ಇಂಗ್ಲಿಷ್ ಪದದ ಎದುರು ಕನ್ನಡ ಪದವನ್ನಿಟ್ಟು ಮುಗಿಸುತ್ತವೆ. ಪ್ರತಿ ಪದದ ಹುಟ್ಟು, ಹಿಂದಿನ ಕಲ್ಪನೆ ಮತ್ತು ಆ ಕಲ್ಪನೆಗೆ ಮುಂದೆ ಒದಗಿದ ಗತಿಯನ್ನು ನಾಲ್ಕು ಸಾಲುಗಳಲ್ಲಾದರೂ ದಾಖಲಿಸುವ ಕೋಶ ಬೇಕಾಗಿದೆ. ಇದು ವಿಜ್ಞಾನಿಗಳೊಬ್ಬರಿಂದಲೇ ಆಗುವ ಕೆಲಸವಲ್ಲ. ಪದಗಳ ಚರಿತ್ರೆಯನ್ನು ಶೋಧಿಸುವ ಶಿಸ್ತು ಕನ್ನಡ ವಿಭಾಗಗಳದು. ಅವು ಈ ಕೆಲಸಕ್ಕೆ ಕೈಹಾಕದಿದ್ದರೆ ಲವಾಸಿಯೇಯ ತಪ್ಪು ಕನ್ನಡದ ತರಗತಿಗಳಲ್ಲಿ ಸತ್ಯವೆಂಬಂತೆ ಮುಂದುವರಿಯುತ್ತದೆ.